ನೆಲದಿಂದ ಕಾಕ್‌ಪಿಟ್‌ಗೆ: ಖಾಸಗಿ ಪೈಲಟ್ ಪರೀಕ್ಷೆಯ ಚರಿತ್ರೆಯಲ್ಲಿ ಪರೀಕ್ಷಕನ ಸ್ಥಾನ

1911ರ ಹೊತ್ತಿಗೆ ಯುರೋಪಿನಲ್ಲಿ ವಿಮಾನ ಚಾಲಕನ ಪ್ರಮಾಣಪತ್ರ ಬೇಕೆನ್ನುವವರು ಮೂರು ಹಾರಾಟಗಳನ್ನು ಮಾಡಿ ತೋರಿಸಬೇಕಿತ್ತು. ಮೊದಲ ಎರಡರಲ್ಲಿ ನೆಲ ಮುಟ್ಟದೆ ತಲಾ 5 ಕಿಲೋಮೀಟರ್ ಹಾರಬೇಕು. ಅದೂ ನೇರ ದಾರಿಯಲ್ಲಲ್ಲ, ಪರಸ್ಪರ 500 ಮೀಟರಿಗಿಂತ ದೂರವಿಲ್ಲದ ಎರಡು ಕಂಬಗಳ ಸುತ್ತ 8ರ ಆಕಾರದಲ್ಲಿ ಸುತ್ತುತ್ತ. ಮೂರನೆಯದರಲ್ಲಿ ಕನಿಷ್ಠ 50 ಮೀಟರ್ ಎತ್ತರಕ್ಕೆ ಏರಬೇಕು. ಪ್ರತಿ ಸಲ ಇಳಿಯುವಾಗಲೂ ಚಕ್ರ ನೆಲಕ್ಕೆ ತಾಗುವಷ್ಟರಲ್ಲಿ ಎಂಜಿನ್ ನಿಂತಿರಬೇಕು, ಮೊದಲೇ ಗೊತ್ತುಮಾಡಿದ ಗುರುತಿನಿಂದ 50 ಮೀಟರಿನೊಳಗೆ ವಿಮಾನ ನಿಲ್ಲಬೇಕು. ಇಷ್ಟನ್ನೂ ನೋಡಿ ತೀರ್ಪು ಕೊಡುವವರು ಮೈದಾನದಲ್ಲಿ ನಿಂತಿರುತ್ತಿದ್ದರು. ಅಭ್ಯರ್ಥಿಯ ಕೈ, ಕಣ್ಣು, ಹಿಂಜರಿಕೆ ಯಾವುದೂ ಅವರಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಆಕಾಶದಲ್ಲಿ ವಿಮಾನ ಹಿಡಿದ ದಾರಿ ಮತ್ತು ಕೊನೆಗೆ ಅದು ನಿಂತ ಜಾಗ.

ಇಂದು ಅದೇ ಪರೀಕ್ಷೆಯಲ್ಲಿ ಪರೀಕ್ಷಕ ಅಭ್ಯರ್ಥಿಯ ಮಗ್ಗುಲಲ್ಲೇ ಕೂತಿರುತ್ತಾನೆ. ಖಾಸಗಿ ಪೈಲಟ್ ಪರವಾನಗಿಯ ಚರಿತ್ರೆಯನ್ನು ಸಾಮಾನ್ಯವಾಗಿ ವಿಮಾನಗಳ ಚರಿತ್ರೆಯಾಗಿಯೋ ಕಾನೂನಿನ ಚರಿತ್ರೆಯಾಗಿಯೋ ಬರೆಯಲಾಗುತ್ತದೆ. ಪರೀಕ್ಷಕ ನೆಲದಿಂದ ಕಾಕ್‌ಪಿಟ್‌ಗೆ ಬಂದದ್ದೇ ಅದರ ಮುಖ್ಯ ಘಟನೆ ಎಂಬುದು ಈ ಲೇಖನದ ವಾದ. ಆತ ಕೂರುವ ಜಾಗ ಬದಲಾದಾಗ ಪರೀಕ್ಷೆ ಕೇಳುವ ಪ್ರಶ್ನೆಯೂ ಬದಲಾಯಿತು.

ಆರಂಭದ ವರ್ಷಗಳಲ್ಲಿ ಪ್ರಮಾಣಪತ್ರ ಕೊಡುತ್ತಿದ್ದುದು ಸರ್ಕಾರವಲ್ಲ, ಕ್ಲಬ್ಬುಗಳು. 1905ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ಅಡಿಯಲ್ಲಿ ಆಯಾ ದೇಶದ ಏರೋ ಕ್ಲಬ್ ಆ ಅಧಿಕಾರ ನಡೆಸುತ್ತಿತ್ತು. ಫ್ರಾನ್ಸಿನ ಏರೋ ಕ್ಲಬ್ 1909ರಲ್ಲಿ ತನ್ನ ಮೊದಲ ಪ್ರಮಾಣಪತ್ರಗಳನ್ನು ಪರೀಕ್ಷೆ ಇಲ್ಲದೆಯೇ ಕೊಟ್ಟಿತು. ಸಂಖ್ಯೆ 1 ಲೂಯಿ ಬ್ಲೇರಿಯೋಗೆ ಸಂದಿತು. ರೈಟ್ ಸಹೋದರರೂ ಗ್ಲೆನ್ ಕರ್ಟಿಸ್ ಕೂಡ ಆ ಮೊದಲ ಪಟ್ಟಿಯಲ್ಲಿದ್ದರು. ಹಾರುವುದನ್ನು ಲೋಕಕ್ಕೆ ತೋರಿಸಿಕೊಟ್ಟವರನ್ನು ಪರೀಕ್ಷಿಸಲು ಅವರಿಗಿಂತ ಬಲ್ಲವರು ಆಗ ಯಾರಿದ್ದರು? 1910ರ ಮಾರ್ಚ್ 8ರಂದು ರೇಮಂಡ್ ದ ಲಾರೋಶ್ ಫ್ರಾನ್ಸಿನ 36ನೇ ಪ್ರಮಾಣಪತ್ರ ಪಡೆದು, ಪೈಲಟ್ ಪ್ರಮಾಣಪತ್ರವಿರುವ ಜಗತ್ತಿನ ಮೊದಲ ಮಹಿಳೆಯಾದರು. ಅದೇ ದಿನ ಇಂಗ್ಲೆಂಡಿನಲ್ಲಿ ರಾಯಲ್ ಏರೋ ಕ್ಲಬ್ಬಿನ ಮೊದಲ ಪ್ರಮಾಣಪತ್ರ ಮೂರ್-ಬ್ರಬಾಝನ್ ಕೈ ಸೇರಿತು.

ಆ ಕಾಲದ ಪರೀಕ್ಷೆಯನ್ನು ಒರಟು ಎಂದು ತಳ್ಳಿಹಾಕುವ ರೂಢಿಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅದರ ಒಂದೊಂದು ಷರತ್ತಿನ ಹಿಂದೆಯೂ ಅಂದಿನ ಯಂತ್ರದ ಒಂದು ಗುಣವಿದೆ. ಆ ದಿನಗಳ ಹೆಸರಾಂತ ನೋಮ್ ರೋಟರಿ ಎಂಜಿನ್‌ನಲ್ಲಿ ಸಿಲಿಂಡರುಗಳ ಸಮೇತ ಇಡೀ ಎಂಜಿನ್ನೇ ಪ್ರೊಪೆಲ್ಲರಿನೊಂದಿಗೆ ಗಿರಗಿರ ತಿರುಗುತ್ತಿತ್ತು. ಅಷ್ಟು ಭಾರ ಮೂತಿಯಲ್ಲಿ ತಿರುಗುವಾಗ ವಿಮಾನ ಒಂದು ಕಡೆಗೆ ಹೊರಳಿದರೆ ಮೂತಿ ಮೇಲೇಳಲು ನೋಡುತ್ತದೆ, ಇನ್ನೊಂದು ಕಡೆಗೆ ಹೊರಳಿದರೆ ಕೆಳಗಿಳಿಯಲು ನೋಡುತ್ತದೆ. ಹೀಗಾಗಿ ಎಡಕ್ಕೆ ಚೆನ್ನಾಗಿ ತಿರುಗಿಸಬಲ್ಲವನು ಬಲಕ್ಕೂ ತಿರುಗಿಸಬಲ್ಲ ಎಂಬ ಖಾತರಿ ಇರಲಿಲ್ಲ. 8ರ ಆಕಾರದಲ್ಲಿ ಸುತ್ತಿದರೆ ಎರಡೂ ಬಯಲಾಗುತ್ತಿತ್ತು. ಇಂಥ ಎಂಜಿನ್ನಿನ ವೇಗವನ್ನು ನಯವಾಗಿ ತಗ್ಗಿಸುವುದೂ ಸಾಧ್ಯವಿರಲಿಲ್ಲ. ಕಿಡಿ ಕಡಿದು, ಮತ್ತೆ ಕೊಟ್ಟು, ಮತ್ತೆ ಕಡಿದು ಇಳಿಯಬೇಕಿತ್ತು. ಹಾರುತ್ತಿರುವಾಗ ಎಂಜಿನ್ ಕೈಕೊಡುವುದಂತೂ ದಿನನಿತ್ಯದ ಮಾತು. ಎಂಜಿನ್ ನಿಲ್ಲಿಸಿ ಗುರುತಿನ ಹತ್ತಿರ ಇಳಿಸಬಲ್ಲವನು ಮಾತ್ರ ಹೊಲದಲ್ಲಿ ಇಳಿದು ಬದುಕುತ್ತಿದ್ದ.

ಅಮೆರಿಕದ ಹ್ಯಾರಿಯೆಟ್ ಕ್ವಿಂಬಿ 1911ರ ಆಗಸ್ಟ್ 1ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಪರೀಕ್ಷೆ ಗೆದ್ದು ಅಮೆರಿಕದ ಏರೋ ಕ್ಲಬ್ಬಿನ 37ನೇ ಪ್ರಮಾಣಪತ್ರ ಪಡೆದರು. 50 ಮೀಟರ್ ಎಂದರೆ ಸುಮಾರು 164 ಅಡಿ. ಅವರ ವಿಮಾನ ನಿಂತದ್ದು ಗುರುತಿನಿಂದ 7 ಅಡಿ 9 ಅಂಗುಲ ದೂರದಲ್ಲಿ. ಹೆಣ್ಣು ವಿಮಾನ ಹಾರಿಸಬಲ್ಲಳೇ ಎಂದು ಪತ್ರಿಕೆಗಳು ಚರ್ಚಿಸುತ್ತಿದ್ದ ಕಾಲವದು. ನೆಲದ ಮೇಲಿನ ಪರೀಕ್ಷಕನ ಕೈಯಲ್ಲಿದ್ದುದು ಅಳತೆಯ ಪಟ್ಟಿ ಮಾತ್ರ, ಅದಕ್ಕೆ ಯಾರ ಮೇಲೂ ಪೂರ್ವಗ್ರಹ ಇರಲಿಲ್ಲ. ಹಳೆಯ ಪರೀಕ್ಷೆಯ ಈ ನ್ಯಾಯವನ್ನು ಇತಿಹಾಸಕಾರರು ಗುರುತಿಸಬೇಕು.

ಮೊದಲ ಮಹಾಯುದ್ಧದ ನಂತರ ಸರ್ಕಾರಗಳು ಈ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡವು. 1919ರ ಅಕ್ಟೋಬರ್ 13ರಂದು ಸಹಿಯಾದ ಪ್ಯಾರಿಸ್ ಒಪ್ಪಂದ ಖಾಸಗಿ ಪೈಲಟ್‌ಗೆ ಪ್ರತ್ಯೇಕ ಪರೀಕ್ಷೆ ಗೊತ್ತುಮಾಡಿತು. 2,000 ಮೀಟರ್ ಎತ್ತರದಲ್ಲಿ ಒಂದು ಗಂಟೆ ಇದ್ದು, ಇಳಿಯುವಾಗ 1,500 ಮೀಟರಿನಲ್ಲಿ ಎಂಜಿನ್ ಬಂದ್ ಮಾಡಿ, ಮತ್ತೆ ಚಾಲೂ ಮಾಡದೆ ತೇಲಿಬಂದು, ಗುರುತಿನಿಂದ 150 ಮೀಟರಿನೊಳಗೆ ಇಳಿಯುವುದು ಒಂದು ಭಾಗ. ಕಂಬಗಳ ಸುತ್ತ ಐದು ಬಾರಿ 8ರ ಆಕಾರ ಇನ್ನೊಂದು ಭಾಗ. ವಿಮಾನದಲ್ಲಿ ಅಭ್ಯರ್ಥಿ ಒಬ್ಬನೇ ಇರಬೇಕು ಎಂಬುದು ಸ್ಪಷ್ಟ ನಿಯಮ. ಹಾಗಾದರೆ ಕಣ್ಣಿಗೆ ಕಾಣದ ಎತ್ತರದಲ್ಲಿ ಅವನು ನಿಜಕ್ಕೂ ಒಂದು ಗಂಟೆ ಇದ್ದನೆನ್ನಲು ಸಾಕ್ಷಿ? ಗಾಳಿಯ ಒತ್ತಡವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಬ್ಯಾರೋಗ್ರಾಫ್ ಅವನ ಜೊತೆ ಹೋಗುತ್ತಿತ್ತು. ಇಳಿದ ಮೇಲೆ ಪರೀಕ್ಷಕರು ಆ ಗೆರೆಯ ಕಾಗದಕ್ಕೆ ಸಹಿ ಹಾಕಿ ವರದಿಗೆ ಲಗತ್ತಿಸುತ್ತಿದ್ದರು. ಒಂದೊಂದು ಭಾಗಕ್ಕೂ ಎರಡು ಅವಕಾಶ, ಒಟ್ಟು ಒಂದು ತಿಂಗಳ ಗಡುವು. ಪರೀಕ್ಷಕನ ಪರವಾಗಿ ವಿಮಾನದೊಳಗೆ ಕೂತ ಮೊದಲ ಸಾಕ್ಷಿ ಈ ಪುಟ್ಟ ಉಪಕರಣವೇ.

ಭಾರತದಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು 1920ರ ದಶಕದ ಕೊನೆಯಲ್ಲಿ ತಲೆಯೆತ್ತಿದವು. 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಅವರಿಗೆ ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಕೊಟ್ಟ ಪ್ರಮಾಣಪತ್ರದ ಸಂಖ್ಯೆ 1. 1936ರಲ್ಲಿ 21ರ ಹರೆಯದ ಸರಳಾ ಠಕ್ರಾಲ್ ಲಾಹೋರಿನಲ್ಲಿ ಸೀರೆಯುಟ್ಟು ಜಿಪ್ಸಿ ಮಾತ್ ಹಾರಿಸಿ ಪರವಾನಗಿ ಪಡೆದರು. ಅದರ ಮರುವರ್ಷ ಬಂದ ವಿಮಾನ ನಿಯಮಗಳು ಭಾರತದಲ್ಲಿ ಪರವಾನಗಿಗೆ ಮುಂದಿನ ಹಲವು ದಶಕಗಳ ಚೌಕಟ್ಟು ಹಾಕಿಕೊಟ್ಟವು.

ನೆಲದ ಮೇಲಿನ ಪರೀಕ್ಷಕನಿಗೆ ಕಾಣದೆ ಉಳಿದ ದೊಡ್ಡ ಸಂಗತಿ ಸ್ಪಿನ್. ವೇಗ ತೀರಾ ಕುಸಿದು ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡಾಗ ವಿಮಾನ ಒಂದು ಬದಿಗೆ ವಾಲಿ, ಸುರುಳಿ ಸುತ್ತುತ್ತ ಬೀಳತೊಡಗುತ್ತದೆ. 1912ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಅದರಿಂದ ಪಾರಾಗಿ ಬಂದು, ತಾನು ಮಾಡಿದ್ದನ್ನು ವಿವರಿಸಿದರು. ಆದರೂ ಬಹಳ ಕಾಲ ಅದು ಸಾವಿನ ಇನ್ನೊಂದು ಹೆಸರಾಗಿಯೇ ಇತ್ತು. 1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಶಿಕ್ಷಣದ ಕ್ರಮವನ್ನೇ ಬದಲಿಸಿದರು. ಎರಡು ಜೋಡಿ ನಿಯಂತ್ರಣಗಳಿರುವ ಆವ್ರೋ 504ರಲ್ಲಿ ಗುರು ಶಿಷ್ಯನೊಂದಿಗೆ ಹೋಗಬೇಕು. ಅಪಾಯದ ಸ್ಥಿತಿಗಳನ್ನು ತಪ್ಪಿಸಿಕೊಳ್ಳುವ ಬದಲು ಬೇಕೆಂದೇ ಅವುಗಳೊಳಗೆ ಹೊಕ್ಕು ಹೊರಬರುವುದನ್ನು ಕಲಿಸಬೇಕು. ಎಂಜಿನ್ನಿನ ಅಬ್ಬರದ ನಡುವೆ ಮಾತು ಕೇಳಿಸಲು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಒಂದು ಕೊಳವೆ ಇರುತ್ತಿತ್ತು. ಗಮನಿಸಬೇಕಾದ್ದು ಇಲ್ಲಿದೆ: ಗುರು ವಿಮಾನದೊಳಗೆ ಬಂದ ಮೇಲೂ ಪ್ಯಾರಿಸ್ ಒಪ್ಪಂದ ಪರೀಕ್ಷಕನನ್ನು ಹೊರಗೇ ಉಳಿಸಿತು. ಕಲಿಸುವ ರೀತಿ ಮುಂದೆ ಹೋಯಿತು, ಅಳೆಯುವ ರೀತಿ ಹಿಂದೆ ಉಳಿಯಿತು.

ದೇಶದಿಂದ ದೇಶಕ್ಕೆ ಬೇರೆ ಬೇರೆ ಕಾಲದಲ್ಲಿ ಪರೀಕ್ಷಕನೂ ವಿಮಾನ ಹತ್ತಿದ. ಹತ್ತಿದರೂ ಎಲ್ಲವೂ ಅವನಿಗೆ ಕಾಣಲಿಲ್ಲ. ಟೈಗರ್ ಮಾತ್ ಎಂಬ ತರಬೇತಿ ವಿಮಾನದಲ್ಲಿ ಆಸನಗಳು ಒಂದರ ಹಿಂದೊಂದು. ಮುಂದೆ ಗುರು, ಹಿಂದೆ ಶಿಷ್ಯ. ಮುಂದಿನ ಆಸನದಲ್ಲಿ ಕೂತವನಿಗೆ ಅಭ್ಯರ್ಥಿ ಎತ್ತ ನೋಡುತ್ತಿದ್ದಾನೆ ಎಂಬುದೇ ತಿಳಿಯದು. ಪಕ್ಕಪಕ್ಕದ ಆಸನಗಳ ವಿಮಾನ ಬಂದಾಗ ಇದು ನೀಗಿತು. ಈ ಬದಲಾವಣೆಯಲ್ಲಿ ಬೆಂಗಳೂರಿನ ಪಾಲೂ ಇದೆ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿದ ಪುಷ್ಪಕ್ 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿತು. 90 ಅಶ್ವಶಕ್ತಿಯ ಎಂಜಿನ್, ಭುಜಕ್ಕೆ ಭುಜ ತಾಗುವಂತೆ ಇಬ್ಬರಿಗೆ ಜಾಗ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಮಾಡಿದ ಈ ಹಗುರ ವಿಮಾನದಲ್ಲಿ ಕಲಿತವರ ತಲೆಮಾರುಗಳೇ ಇವೆ. ಅಭ್ಯರ್ಥಿ ತಿರುಗುವ ಮೊದಲು ಆ ದಿಕ್ಕಿಗೆ ಕಣ್ಣು ಹಾಯಿಸಿದನೇ, ಬೆವರಿದ ಕೈ ಸ್ಟಿಕ್ಕನ್ನು ಬಿಗಿಯಾಗಿ ಹಿಡಿದಿದೆಯೇ ಎಂಬುದೆಲ್ಲ ಈಗ ಪರೀಕ್ಷಕನಿಗೆ ಕಾಣುವಂತಾಯಿತು.

ಅಷ್ಟರಲ್ಲಿ ನಿಯಮಗಳೂ ಬದಲಾಗಿದ್ದವು. 1944ರ ಷಿಕಾಗೋ ಒಪ್ಪಂದದ ಅಡಿಯಲ್ಲಿ 1948ರ ಏಪ್ರಿಲ್‌ನಲ್ಲಿ ಪರವಾನಗಿಗಳ ಅನುಬಂಧ ಅಂಗೀಕಾರವಾಯಿತು. ಅದರ ಈಗಿನ ರೂಪದಲ್ಲಿ ಖಾಸಗಿ ಪೈಲಟ್‌ಗೆ ಸಾಮಾನ್ಯವಾಗಿ 40 ಗಂಟೆಗಳ ಹಾರಾಟ ಬೇಕು. ಒಬ್ಬನೇ ಹೋಗುವ 270 ಕಿಲೋಮೀಟರಿನ ಒಂದು ದೂರದ ಪಯಣವೂ ಅದರಲ್ಲಿ ಸೇರಬೇಕು. ಕೌಶಲದ ಜೊತೆಗೆ ಒಳ್ಳೆಯ ವಿವೇಚನೆಯನ್ನೂ ತೋರಿಸಬೇಕೆಂದು ಅನುಬಂಧ ಹೇಳುತ್ತದೆ. ಇತ್ತ ಅಮೆರಿಕ 1949ರಲ್ಲಿ ಖಾಸಗಿ ಪೈಲಟ್ ಪರೀಕ್ಷೆಯಿಂದ ಸ್ಪಿನ್ನನ್ನು ಕೈಬಿಟ್ಟಿತು. ಸ್ಪಿನ್ನಿನಿಂದ ಹೊರಬರುವುದಕ್ಕಿಂತ ಅದರ ಹತ್ತಿರ ಸುಳಿಯದಿರುವುದೇ ಮುಖ್ಯ ಎಂಬ ವಾದ ಗೆದ್ದಿತು. ಇದು ಸರಿಯೇ ಎಂಬ ಜಗಳ ಬೋಧಕರ ನಡುವೆ ಇಂದಿಗೂ ಮುಗಿದಿಲ್ಲ. ಆದರೆ ಸ್ಪಿನ್ನಿನ ಹತ್ತಿರ ಸುಳಿಯದಂತೆ ಅಭ್ಯರ್ಥಿ ಎಷ್ಟು ಎಚ್ಚರ ವಹಿಸಿದ ಎಂಬುದನ್ನು ನೆಲದಲ್ಲಿ ನಿಂತವನು ಅಳೆಯಲಾರ. ಪಕ್ಕದಲ್ಲಿ ಕೂತವನು ಮಾತ್ರ ಅಳೆಯಬಲ್ಲ.

ಇಂದಿನ ಪರೀಕ್ಷೆಯ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ನೆಲದಿಂದ 2,000 ಅಡಿ ಮೇಲೆ ಪರೀಕ್ಷಕ ಮಾತಿನ ನಡುವೆಯೇ ಥ್ರಾಟಲ್ಲನ್ನು ಹಿಂದಕ್ಕೆಳೆದು, ಎಂಜಿನ್ ಕೆಟ್ಟಿತು ಎನ್ನುತ್ತಾನೆ. ಸೆಸ್ನಾ 172ಎಸ್ ಆದರೆ ಪೂರ್ತಿ ತೂಕದಲ್ಲಿ ತೇಲುವ ಉತ್ತಮ ವೇಗ 68 ನಾಟ್. ನೆಲ ಮುಟ್ಟಲು ಸುಮಾರು ಎರಡೂವರೆ ನಿಮಿಷವಿದೆ. ಮೊದಲು ಮೂತಿ ಸರಿಹೊಂದಿಸಿ ಆ ವೇಗ ಹಿಡಿಯಬೇಕು. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಯಾವ ಹೊಲದಲ್ಲಿ ವಿದ್ಯುತ್ ತಂತಿಯಿಲ್ಲ ಎಂದು ನೋಡಬೇಕು. ಆಮೇಲೆ ಇಂಧನದ ಸೆಲೆಕ್ಟರ್, ಇಂಧನ-ಗಾಳಿಯ ಮಿಕ್ಸ್ಚರ್, ಕಿಡಿ ಕೊಡುವ ಮ್ಯಾಗ್ನೆಟೊ ಸರಿಯಿವೆಯೇ ಎಂದು ನೋಡಬೇಕು. ಕೊನೆಗೆ ರೇಡಿಯೋದಲ್ಲಿ ಮೇಡೇ ಎಂಬ ಅಪಾಯದ ಕರೆ. ರೇಡಿಯೋಗೇ ಮೊದಲು ಕೈಹಾಕಿದವನು ವಿಮಾನವನ್ನು ಮರೆತಿದ್ದಾನೆ ಎಂದು ಪರೀಕ್ಷಕನಿಗೆ ತಕ್ಷಣ ಗೊತ್ತಾಗುತ್ತದೆ. 1911ರ ಎಂಜಿನ್ ನಿಲ್ಲಿಸಿ ಇಳಿಯುವ ಪರೀಕ್ಷೆಯೇ ಇಲ್ಲಿ ಉಳಿದಿರುವುದು, ಆದರೆ ಗುರುತನ್ನು ಈಗ ಅಭ್ಯರ್ಥಿಯೇ ಹುಡುಕಬೇಕು.

ಪಕ್ಕದಲ್ಲಿ ಕೂತವನಿಗೆ ಇಷ್ಟೆಲ್ಲ ಕಾಣುತ್ತದೆ ಎಂದಾಗ ಅವನ ಇಷ್ಟಾನಿಷ್ಟಗಳೂ ತೀರ್ಪಿನೊಳಗೆ ನುಸುಳುವ ಭಯವಿದೆ. ಅದನ್ನು ತಡೆಯಲು ಬಂದದ್ದು ಲಿಖಿತ ಮಾನದಂಡ. ಅಮೆರಿಕದಲ್ಲಿ 2016ರ ಜೂನ್‌ನಿಂದ ಜಾರಿಯಲ್ಲಿರುವ ಮಾನದಂಡದ ಪ್ರಕಾರ, 45 ಡಿಗ್ರಿ ವಾಲಿಸಿ ಸುತ್ತುವಾಗ ಎತ್ತರ 100 ಅಡಿಗಿಂತ ಹೆಚ್ಚು, ವೇಗ 10 ನಾಟ್‌ಗಿಂತ ಹೆಚ್ಚು ಏರುಪೇರಾಗುವಂತಿಲ್ಲ. ಗಿಡ್ಡ ರನ್‌ವೇಯ ಇಳಿತದಲ್ಲಿ ಗೊತ್ತುಮಾಡಿದ ಬಿಂದುವಿನಿಂದ ಮುಂದೆ 200 ಅಡಿಯೊಳಗೆ ಚಕ್ರ ತಾಗಬೇಕು. ಹಳೆಯ ಅಳತೆಪಟ್ಟಿ ಹೀಗೆ ಕಾಕ್‌ಪಿಟ್‌ನೊಳಗೆ ಮರಳಿ ಬಂದಿತು. ಇದು ಬಂದದ್ದು ಒಳ್ಳೆಯದೇ ಆಯಿತು.

ಆದರೆ ವಿವೇಚನೆಯನ್ನು ಅಡಿಯಲ್ಲಿ ಅಳೆಯಲಾಗದು. ಅದಕ್ಕೆ ಪರೀಕ್ಷಕ ಪ್ರಶ್ನೆಯನ್ನೇ ಅವಲಂಬಿಸಬೇಕು. ಬೆಂಗಳೂರಿನ ಜಕ್ಕೂರು ವಾಯುನೆಲೆ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಅಲ್ಲಿನ ಗಾಳಿ ಇನ್ನೂ ತೆಳುವಾಗಿ, ಎಂಜಿನ್ನಿನ ಬಲವೂ ರೆಕ್ಕೆಯ ಬಲವೂ ಕುಗ್ಗಿ, ವಿಮಾನ ಮೇಲೇಳಲು ಹೆಚ್ಚು ರನ್‌ವೇ ಬೇಕಾಗುತ್ತದೆ. ಇಬ್ಬರು ಕೂತು, ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಎಷ್ಟು ಬೇಕು ಎಂದು ಕೈಪಿಡಿಯ ಕೋಷ್ಟಕ ನೋಡಿ ಲೆಕ್ಕ ಹಾಕುವುದು, ಲೆಕ್ಕ ಕೂಡಿಬರದಿದ್ದರೆ ಹೊರಡುವುದಿಲ್ಲ ಎನ್ನುವುದು ಕೌಶಲದಷ್ಟೇ ದೊಡ್ಡ ಗುಣ. 1911ರ ನಿಯಮದಲ್ಲಿ ಹಾರದಿರುವ ನಿರ್ಧಾರಕ್ಕೆ ಯಾವ ಬೆಲೆಯೂ ಇರಲಿಲ್ಲ. ಇಂದಿನ ಅಮೆರಿಕನ್ ಪದ್ಧತಿಯಲ್ಲಿ ಹವೆ ಕೆಟ್ಟಿತೆಂದು ಅಭ್ಯರ್ಥಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರೆ ಅದು ನಪಾಸಲ್ಲ. ಅಷ್ಟರವರೆಗೆ ಮುಗಿಸಿದ ಭಾಗಗಳನ್ನು ನಮೂದಿಸಿ ಪರೀಕ್ಷಕ ಒಂದು ಪತ್ರ ಕೊಡುತ್ತಾನೆ. 60 ದಿನಗಳೊಳಗೆ ಬಂದು ಉಳಿದದ್ದನ್ನು ಪೂರೈಸಬಹುದು.