ಲಾರಿ ಕುಡಿದ ನೀರು

ಕಳೆದ ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಲಾರಿ ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಹೊರಳಿದ ಸ್ವಲ್ಪ ಹೊತ್ತಿಗೇ ಕುದಿದು ನಿಂತಿತು. 1990ರ ದಶಕದ ಆರು ಸಿಲಿಂಡರಿನ ಗಾಡಿ. ಮನೆಗೆ ಎಳೆಸಿಕೊಂಡು ಬಂದು ರೇಡಿಯೇಟರಿನ ಕೆಳಗಿನ ಬಿರಡೆ ತೆಗೆದಾಗ ಇಳಿದದ್ದು ನೀರೂ ಅಲ್ಲ, ಕೂಲೆಂಟೂ ಅಲ್ಲ. ರಾಗಿ ಅಂಬಲಿಯಂಥ ಕಂದು ಲೋಳೆ.

"ಹಸ್ರು ಹಾಕ್ಸಿದ್ದೆ. ಕಮ್ಮಿಯಾಗಿದೆ ಅಂತ ದಾರೀಲಿ ಒಂದು ಕಡೆ ನಿಲ್ಸಿದ್ರೆ ಪಿಂಕ್ ಸುರಿದ್ರು. ಮಿಕ್ಕಿದ್ದಕ್ಕೆ ಬೋರ್ ನೀರು. ಈಗ ಒಬ್ಬೊಬ್ರು ಒಂದೊಂದು ಬಣ್ಣ ಹೇಳ್ತಾರೆ. ನೀನು ಓದಿರೋಳು, ಹೇಳಮ್ಮ, ಯಾವ್ದು ಹಾಕ್ಲಿ?"

ನಾನು ಓದುತ್ತಿರುವುದು ಈ ಸೀಮೆಯ ಕೆರೆಗಳ ಚರಿತ್ರೆ, ಇಂಜಿನಿನ ಶಾಸ್ತ್ರವಲ್ಲ. ಹಾಗಂತ ಹೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಇಂಜಿನ್ ಬಿಚ್ಚಿಸಿ ಕಟ್ಟಿಸುವ ಖರ್ಚಿಗೆ ಆ ಲಾರಿಯನ್ನು ಮಾರಿದರೂ ಸಾಲುವುದಿಲ್ಲ. ಅವರ ಸಂಸಾರ ನಡೆಯುತ್ತಿರುವುದೇ ಅದರ ಮೇಲೆ. ಹುಡುಕುತ್ತಾ ಹೋದ ಹಾಗೆ ಪ್ರಶ್ನೆ ತಿರುಗಿ ನನ್ನ ಕೆರೆಗಳ ದಂಡೆಗೇ ಬಂದು ನಿಂತಿತು.

ನಮ್ಮ ಹಳೆಯ ಲಾರಿಗಳ ಮೂಲ ಹಿಮ ಬೀಳುವ ದೇಶಗಳದ್ದು. ಮದರಾಸಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದಕ್ಕೆ ಒಂದು ವರ್ಷ ಮೊದಲು, 1954ರಲ್ಲಿ, ಜಮ್ಷೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಒಪ್ಪಂದದಲ್ಲಿ ಲಾರಿ ಕಟ್ಟತೊಡಗಿದ್ದರು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಯಿತು, ಒಳಗಿನ ಇಂಜಿನಿನ ವಂಶ ಮಾತ್ರ ಬಹುಕಾಲ ಉಳಿಯಿತು. ಆ ದೇಶಗಳಲ್ಲಿ ಚಳಿಗಾಲದ ರಾತ್ರಿ ರೇಡಿಯೇಟರಿನ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಇಂಜಿನಿನ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಅದಕ್ಕೆ ಮದ್ದಾಗಿ ಬಂದದ್ದು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನ ವಿಜ್ಞಾನಿ ವುರ್ಟ್ಸ್ ಅದನ್ನು 1850ರ ದಶಕದಲ್ಲೇ ತಯಾರಿಸಿದ್ದ. ಮೊದಲ ಮಹಾಯುದ್ಧದಲ್ಲಿ ಜರ್ಮನರು ಗ್ಲಿಸರಿನ್ ಬದಲಿಗೆ ಅದನ್ನು ಸ್ಫೋಟಕಗಳಿಗೆ ಬಳಸಿದರು. 1927ರಲ್ಲಿ ಅಮೆರಿಕದಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಮೋಟಾರಿಗೆ ಬಂತು. ಡಬ್ಬದ ಮೇಲೆ 'ಆ್ಯಂಟಿಫ್ರೀಜ್' ಎಂಬ ಪದವೂ ಊರೂರಿಗೆ ಹೋಯಿತು.

ದೊಡ್ಡಬಳ್ಳಾಪುರದಲ್ಲಿ ಅದಕ್ಕೇನು ಕೆಲಸ? ಇಲ್ಲಿ ಧನುರ್ಮಾಸದ ಚಳಿಗೂ ನೀರು ಹೆಪ್ಪುಗಟ್ಟುವುದಿಲ್ಲ. ನಮ್ಮ ತಾಪತ್ರಯ ಇನ್ನೊಂದು ತುದಿಯದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧ ನೀರು ಅರ್ಧ ಗ್ಲೈಕಾಲ್ ಬೆರೆಸಿದರೆ ಕುದಿಯುವ ಬಿಂದು ಏಳೆಂಟು ಡಿಗ್ರಿಯಷ್ಟು ಮೇಲಕ್ಕೆ ಹೋಗುತ್ತದೆ. ಆದರೆ ನಮ್ಮವರಿಗೆ ದಶಕಗಳ ಕಾಲ ಅದೂ ಬೇಕಾಗಲಿಲ್ಲ. ಬರೀ ನೀರಿನಲ್ಲೇ ಲಾರಿಗಳು ಮಂಗಳೂರಿಗೆ ಹೋಗಿ ಬಂದವು.

ಅದು ಹೇಗೆ ನಡೆಯಿತು ಎಂದರೆ, ಕ್ಲೀನರ್ ಇದ್ದ. ಶಿರಾಡಿ ಘಾಟಿಯನ್ನು ಲೋಡ್ ಹೊತ್ತು ಹತ್ತುವಾಗ ಮುಳ್ಳು ಕೆಂಪಿಗೆ ಏರಿದರೆ ಗಾಡಿ ಬದಿಗೆ. ಹುಡುಗ ಚಕ್ರಕ್ಕೆ ಕಲ್ಲು ಕೊಟ್ಟು, ಬಕೆಟ್ ಹಿಡಿದು ಹಳ್ಳಕ್ಕೆ ಇಳಿಯಬೇಕು. ಮುಚ್ಚಳಕ್ಕೆ ಗೋಣಿಚೀಲ ಹಾಕಿ ಮುಖ ಆಚೆ ತಿರುಗಿಸಿ ತಿರುಪಬೇಕು. ಆ ಹಬೆಗೆ ಮುಂಗೈ ಸುಟ್ಟುಕೊಳ್ಳದ ಕ್ಲೀನರ್ ಇಲ್ಲ ಎನ್ನುತ್ತಾರೆ ಚಿಕ್ಕಪ್ಪ. ಅವರ ಬಲಗೈಯಲ್ಲಿ ಇನ್ನೂ ಗುರುತಿದೆ. ಅವರು ಗಾಡಿ ಹತ್ತಿದ್ದು ಹದಿನಾರನೇ ವಯಸ್ಸಿಗೆ, ಕ್ಲೀನರಾಗಿ. ಬರೀ ನೀರಿನ ಲಾರಿ ಓಡಿದ್ದು ಇಂಥ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಕಾರಣಕ್ಕೆ ಎಂಬುದು ನನ್ನ ಅನಿಸಿಕೆ. ನಾನು ನೋಡಿದ ಕಡತಗಳಲ್ಲಿ ರಸ್ತೆ ಇದೆ, ತೆರಿಗೆ ಇದೆ, ಅವನಿಲ್ಲ. ಈಗ ಚಿಕ್ಕಪ್ಪನಿಗೆ ಕ್ಲೀನರ್ ಇಟ್ಟುಕೊಳ್ಳುವ ಶಕ್ತಿಯಿಲ್ಲ. ಒಬ್ಬರೇ ಹೋಗುತ್ತಾರೆ.

ಇನ್ನೊಂದು ಕಾರಣ ನೀರೇ. ಕೆಂಪುಹೊಳೆಯ ನೀರು, ನಮ್ಮ ಕಡೆಯ ಕೆರೆಯ ನೀರು, ಎಲ್ಲ ಮಳೆಯಿಂದ ಬಂದದ್ದು, ಮೆದು. ಬೇಳೆ ಬೇಗ ಬೇಯುವ ನೀರು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳನ್ನು ಹಾದುಹೋಗುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದಲೇ 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹೋದದ್ದು. ಅದೇ ಬೆಟ್ಟದ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ ಬರುತ್ತಿತ್ತು. ಹೊಳೆಗಳು ಬತ್ತಿ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂದವು. ಅವು ಸಾವಿರ ಅಡಿ ದಾಟಿದವು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಅತಿಬಳಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ಕೂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆ ನಮ್ಮ ಹೆಂಗಸರಿಗೆ ಗೊತ್ತು. ಅದೇ ಹಕ್ಕಳೆ ಇಂಜಿನಿನ ಒಳಗೂ ಕಟ್ಟುತ್ತದೆ. ಶಾಖವನ್ನು ದಾಟಿಸುವುದರಲ್ಲಿ ಅದು ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ. ನೀರು ತುಂಬಿಯೇ ಇರುತ್ತದೆ, ಇಂಜಿನ್ ಮಾತ್ರ ಸುಡುತ್ತದೆ.

ಬಣ್ಣದ ಜಗಳಕ್ಕೆ ಬರುತ್ತೇನೆ. ಹಸಿರು, ಪಿಂಕು, ಕಿತ್ತಳೆ ಬರೀ ಬಣ್ಣ. ಯಾವ ಕಂಪನಿ ಯಾವುದನ್ನಾದರೂ ಬೆರೆಸಬಹುದು. ನೋಡಬೇಕಾದ್ದು ಗ್ಲೈಕಾಲ್ ಜೊತೆ ಇರುವ ತುಕ್ಕುನಿರೋಧಕವನ್ನು. ಹಳೆಯ ಬಗೆಯಲ್ಲಿ ಸಿಲಿಕೇಟ್, ಫಾಸ್ಫೇಟ್, ನೈಟ್ರೈಟ್‌ನಂಥ ಲವಣಗಳಿರುತ್ತವೆ. ಲೋಹದ ಮೇಲೆ ಬೇಗ ಪದರ ಕಟ್ಟುತ್ತವೆ, ಎರಡು ವರ್ಷಕ್ಕೆ ಸವೆಯುತ್ತವೆ. ಹೊಸ ಬಗೆಯಲ್ಲಿ ಸಾವಯವ ಆಮ್ಲಗಳು. ಹೆಚ್ಚು ವರ್ಷ ಬಾಳುತ್ತವೆ, ಅಲ್ಯೂಮಿನಿಯಂ ರೇಡಿಯೇಟರಿಗೆ ಹೇಳಿ ಮಾಡಿಸಿದವು. ಚಿಕ್ಕಪ್ಪನ ಲಾರಿಯದು ತಾಮ್ರ-ಹಿತ್ತಾಳೆಯ ರೇಡಿಯೇಟರ್, ಸೀಸ-ತವರದ ಬೆಸುಗೆ. ಹೊಸ ಬಗೆಯ ಕೆಲವು ಆಮ್ಲಗಳು ಆ ಬೆಸುಗೆಯನ್ನೂ ಹಳೆಯ ರಬ್ಬರ್ ಸೀಲುಗಳನ್ನೂ ಕಾಯುವುದಿಲ್ಲ. ಎರಡನ್ನೂ ಬೆರೆಸಿದರೆ ಎರಡರ ಗುಣವೂ ಕೆಡುತ್ತದೆ, ಕೆಲವು ಸಲ ಲೋಳೆಯೂ ಕಟ್ಟುತ್ತದೆ.

ಬೋರ್ ನೀರಿನಲ್ಲಿ ಇನ್ನೊಂದು ಗಂಡಾಂತರವಿದೆ. ಫಾಸ್ಫೇಟ್ ಇರುವ ಕೂಲೆಂಟಿಗೆ ಗಡಸು ನೀರು ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಗಸಿ ಇಳಿಯುತ್ತದೆ. ಯೂರೋಪಿನ ತಯಾರಕರು ಫಾಸ್ಫೇಟ್ ಬಿಟ್ಟದ್ದು ಅಲ್ಲಿನ ಗಡಸು ನೀರಿನ ದೆಸೆಯಿಂದ. ಎಂದರೆ ಕೂಲೆಂಟಿನ ಸೂತ್ರವನ್ನು ಬರೆದದ್ದು ಆಯಾ ಊರಿನ ಬಾವಿ. ಸಂಶೋಧನೆಯಲ್ಲಿ ಇಷ್ಟು ಚೊಕ್ಕವಾದ ಸಾಕ್ಷಿ ನನಗೆ ಸಿಕ್ಕಿದ್ದು ಅಪರೂಪ.

ಚಿಕ್ಕಪ್ಪನಿಗೆ ಹೇಳಿದ್ದು ಇದು: ಡಬ್ಬದ ಮೇಲೆ ಐಎಸ್ 5759 ಗುರುತು ನೋಡಿ, ಹಳೆಯ ಬಗೆಯದನ್ನೇ ತನ್ನಿ. ಡೀಸೆಲ್ ಲಾರಿಗೆಂದು ನೈಟ್ರೈಟ್ ಸೇರಿಸಿದ್ದಾದರೆ ಇನ್ನೂ ಒಳ್ಳೆಯದು. ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುವ ಇಂಜಿನುಗಳಲ್ಲಂತೂ ಅದು ಬೇಕೇ ಬೇಕು. ಲೈನರ್ ಅದುರುವಾಗ ಅದರ ಹೊರಮೈಯಲ್ಲಿ ಗುಳ್ಳೆ ಒಡೆದೊಡೆದು ಸೂಜಿಯಷ್ಟು ತೂತು ಬೀಳುತ್ತದೆ. ನೀರು ಮಾತ್ರ ಬೋರಿನದು ಬೇಡ.

ಮೆಕ್ಯಾನಿಕ್ ಇದೆಲ್ಲ ಕೇಳಿ ನಕ್ಕರು. ಥರ್ಮೋಸ್ಟಾಟ್ ಯಾವತ್ತೋ ಕಿತ್ತು ಬಿಸಾಕಿದ್ದಾರೆ, ಅದಿಲ್ಲದೆ ಇಂಜಿನ್ ಸರಿಯಾಗಿ ಕಾಯುವುದೂ ಇಲ್ಲ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ, ಮೊದಲು ಅದನ್ನು ಹಾಕಿಸಿ ಎಂದರು. ಅದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ರೇಡಿಯೇಟರಿನ ಮೇಲಿನ ತೊಟ್ಟಿ ಬಿಚ್ಚಿ, ಕೊಳವೆಗಳಿಗೆ ತೆಳು ಕಂಬಿ ತೂರಿಸಿ ಕೆರೆದರು. ಉದುರಿದ್ದು ಬಿಳಿ ಪುಡಿ, ಒಂದು ಬೊಗಸೆ.

ತೆಗೆದ ಲೋಳೆಯನ್ನು ಚಿಕ್ಕಪ್ಪ ಚರಂಡಿಗೆ ಚೆಲ್ಲಲು ಹೊರಟಿದ್ದರು. ಗ್ಲೈಕಾಲ್ ರುಚಿಗೆ ಸಿಹಿ, ನಾಯಿ, ದನ ಕುಡಿದರೆ ಸಾಯುತ್ತವೆ ಎಂದು ತಡೆದೆ. ಬರೀ ನೀರಿನ ಕಾಲದಲ್ಲಿ ಎಲ್ಲಿ ಬೇಕಾದರೂ ಬಿಡಬಹುದಿತ್ತು. ಹಳೆಯ ಎಣ್ಣೆ ಕ್ಯಾನಿನಲ್ಲಿ ತುಂಬಿ ಮುಚ್ಚಿಟ್ಟೆವು, ಅದಿನ್ನೂ ಕೊಟ್ಟಿಗೆಯ ಅಟ್ಟದ ಮೇಲಿದೆ. ಅದನ್ನು ತೆಗೆದುಕೊಳ್ಳುವವರು ನಮ್ಮೂರಿನಲ್ಲಿ ಯಾರೂ ಇಲ್ಲ.

ನೀರಿಗೆ ಬ್ಯಾಟರಿ ನೀರಿನ ಕ್ಯಾನು ತಂದರು. ದುಡ್ಡು ಎಣಿಸಿ ಕೊಡುವಾಗ, "ಕೆರೆ ತುಂಬಿದ್ದಾಗ ಇದು ಪುಕ್ಕಟೆ ಸಿಗ್ತಿತ್ತು ಕಣಮ್ಮ" ಎಂದರು. ಮೇ ತಿಂಗಳಲ್ಲಿ ಸಕಲೇಶಪುರಕ್ಕೆ ಲೋಡ್ ಹೊತ್ತು ಹೋಗಿ ಬಂದರು. ಮುಳ್ಳು ಅರ್ಧ ದಾಟಲಿಲ್ಲವಂತೆ. ಆದರೂ ಸೀಟಿನ ಹಿಂದೆ ಎರಡು ಕ್ಯಾನು ನೀರು ಇಟ್ಟುಕೊಂಡೇ ಹೋಗಿದ್ದರು.