ಹೊಡೆದವರು ಯಾರು? — 1948ರ ಜನವರಿ 30 ಮತ್ತು ಮಕ್ಕಳ ಒಂದು ಪ್ರಶ್ನೆ

ರಾಷ್ಟ್ರದ ಮಹಾದುರಂತಗಳನ್ನು ಇತಿಹಾಸ ಗ್ರಂಥಗಳು ದಿನಾಂಕ, ಗಳಿಗೆಗಳ ಸಮೇತ ದಾಖಲಿಸುತ್ತವೆ. ಜನರ ಮನಸ್ಸು ಅವನ್ನು ಬೇರೆ ರೀತಿಯಲ್ಲಿ ಕಾಪಿಟ್ಟುಕೊಳ್ಳುತ್ತದೆ. 1948ರ ಜನವರಿ 30, ಶುಕ್ರವಾರ, ಸಂಜೆ 5 ಗಂಟೆ 17 ನಿಮಿಷಕ್ಕೆ ದಿಲ್ಲಿಯ ಬಿರ್ಲಾ ಭವನದಲ್ಲಿ ಮಹಾತ್ಮಾ ಗಾಂಧಿಯವರು ಗುಂಡಿಗೆ ಬಲಿಯಾದರೆಂಬುದು ಗ್ರಂಥಗಳಲ್ಲಿರುವ ಮಾತು. ಅಂದು ಏಳೆಂಟು ವರ್ಷದವರಾಗಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಆ ಪೀಳಿಗೆಯವರ ನೆನಪಿನಲ್ಲಿ ಉಳಿದಿರುವುದು ಗಳಿಗೆಯಲ್ಲ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ್ದು, ಒಲೆ ಹೊತ್ತದಿದ್ದುದು, ಶಾಲೆಗೆ ರಜೆ ಸಿಕ್ಕರೂ ಆಡಲು ಮನಸ್ಸಾಗದಿದ್ದುದು, ಇಂಥವೇ ಆ ನೆನಪುಗಳು. ಚಿಕ್ಕವೆಂದು ತೋರುವ ಈ ನೆನಪುಗಳ ನಡುವೆ ಒಂದು ದೊಡ್ಡ ನೈತಿಕ ಪ್ರಶ್ನೆ ಅಡಗಿದೆ. ಅಣ್ಣಿಗೇರಿಯಂಥ ಊರಿನ ಅಂದಿನ ಸ್ಥಿತಿಯನ್ನು ನೆನೆದಾಗ ಆ ಪ್ರಶ್ನೆ ಸ್ಪಷ್ಟವಾಗುತ್ತದೆ.

ಅಣ್ಣಿಗೇರಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ನವಲಗುಂದ ತಾಲೂಕಿಗೆ ಸೇರಿದ ಊರು. ಅದೇ ಒಂದು ತಾಲೂಕಾದುದು ತೀರ ಈಚಿನ ಸಂಗತಿ. ಅಮೃತೇಶ್ವರ ದೇವಾಲಯ, ಪಾರ್ಶ್ವನಾಥ ಬಸದಿ, ಸುತ್ತಲೂ ಜೋಳ ಹತ್ತಿಗಳ ಎರೆಹೊಲಗಳು ಅದರ ಗುರುತು. ಹುಬ್ಬಳ್ಳಿ ಗದಗುಗಳ ನಡುವಿನ ರೈಲುದಾರಿಯ ಮೇಲೆ ಅದು ಇರುವುದರಿಂದ ಹೊರಗಿನ ಸುದ್ದಿ ರೈಲಿನೊಂದಿಗೆ ಬರುತ್ತಿತ್ತು. ಧಾರವಾಡದ ಆಕಾಶವಾಣಿ ನಿಲಯ ಆರಂಭವಾದುದು 1950ರ ಜನವರಿ 8ರಂದು. ಗಾಂಧೀಜಿ ಮಡಿದಾಗ ಈ ಭಾಗಕ್ಕೆ ತನ್ನದೇ ಆದ ರೇಡಿಯೊ ಇರಲಿಲ್ಲ. ರೇಡಿಯೊ ಪೆಟ್ಟಿಗೆಯಿದ್ದ ಮನೆಗಳೂ ಬೆರಳೆಣಿಕೆಯಷ್ಟು. ದೂರದ ನಿಲಯದ ಧ್ವನಿಯನ್ನು ಕೇಳಿದವನೊಬ್ಬ ಹತ್ತು ಜನರಿಗೆ ಹೇಳಬೇಕು, ತಂತಿಯ ಸುದ್ದಿ ಬಾಯಿಂದ ಬಾಯಿಗೆ ಹರಿಯಬೇಕು, ಹುಬ್ಬಳ್ಳಿಯ ಪತ್ರಿಕೆ ಮರುದಿನ ಬರಬೇಕು. ಹೀಗೆ ಸುದ್ದಿಗೂ ಅದರ ಖಚಿತತೆಗೂ ನಡುವೆ ಹಲವು ಗಂಟೆಗಳ ಅಂತರವಿದ್ದ ಕಾಲ ಅದು.

ಗುಂಡು ಹಾರಿದ ಹೊತ್ತಿಗೆ ಅಣ್ಣಿಗೇರಿಯಲ್ಲಿ ಇನ್ನೂ ಬೆಳಕಿತ್ತು. ರಾತ್ರಿಭೋಜನವನ್ನು ವರ್ಜಿಸಿದ ಶ್ರಾವಕರ ಮನೆಗಳಲ್ಲಿ ಅದು ಸಂಜೆಯ ಊಟದ ವೇಳೆ. ಸುದ್ದಿ ಊರೂರುಗಳನ್ನು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಆದುದರಿಂದ ಅಂಥ ಮನೆಗಳಲ್ಲಿ ಶೋಕ ಮಕ್ಕಳ ಕಣ್ಣಿಗೆ ಬೀಳುವುದು ಮರುದಿನ ಬೆಳಗಿನಲ್ಲಿ, ತಣ್ಣಗಿರುವ ಒಲೆಯಲ್ಲಿ. ರಕ್ತಸಂಬಂಧಿ ತೀರಿಕೊಂಡಾಗ ಮಾಡುವಂತೆ ಹಿರಿಯರು ಸ್ನಾನ ಮಾಡಿದುದು, ಉಪವಾಸವಿದ್ದುದು, ಅಂಗಡಿಗಳ ಬಾಗಿಲು ತೆರೆಯದಿದ್ದುದು, ಭಾವಚಿತ್ರವನ್ನು ಹೊತ್ತ ಮೌನ ಮೆರವಣಿಗೆ ಹೊರಟುದು ಆ ಕಾಲದ ಬಾಲ್ಯಸ್ಮೃತಿಗಳಲ್ಲಿ ನಾಡಿನುದ್ದಕ್ಕೂ ಕಾಣಸಿಗುತ್ತವೆ. ಎಂದೂ ನೋಡದ ಮುದುಕರೊಬ್ಬರಿಗಾಗಿ ತನ್ನ ಅಜ್ಜ ಕಣ್ಣೀರು ಹಾಕುವುದನ್ನು ಕಂಡ ಮಗುವಿಗೆ, ಮನೆಯೆಂಬುದು ತನ್ನ ಓಣಿಗಿಂತ ದೊಡ್ಡದೆಂಬ ತಿಳಿವು ಮೊದಲು ಮೂಡಿದ್ದು ಅಂದೇ ಇರಬೇಕು.

ಬಾಲ್ಯದ ನೆನಪು ದೊಡ್ಡ ಸಂಗತಿಯನ್ನು ಯಾವಾಗಲೂ ತನ್ನದೊಂದು ಸಣ್ಣ ಸಂಗತಿಗೆ ಕಟ್ಟಿಕೊಳ್ಳುತ್ತದೆ. ಗಾಂಧೀಜಿಯವರ ಮೊಮ್ಮಗ ರಾಜಮೋಹನ ಗಾಂಧಿಯವರು ಆಗ ದಿಲ್ಲಿಯಲ್ಲಿದ್ದ ಹನ್ನೆರಡು ವರ್ಷದ ಬಾಲಕ. ಶಾಲೆಯ ಆಟೋಟದ ನಿಮಿತ್ತ ತಾವು ಆ ಸಂಜೆಯ ಪ್ರಾರ್ಥನೆಗೆ ಹೋಗಿರಲಿಲ್ಲವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ದಿಲ್ಲಿಯಲ್ಲಿದ್ದ ಮೊಮ್ಮಗನಿಗೂ ಬೆಳ್ವೊಲದ ಬಯಲಿನ ಹಳ್ಳಿಯ ಹುಡುಗನಿಗೂ ಈ ವಿಷಯದಲ್ಲಿ ಭೇದವಿಲ್ಲ. ಇಬ್ಬರ ಮನಸ್ಸಿನಲ್ಲಿಯೂ ಆಟ ಒಂದು ಕಡೆ, ಮರಣ ಒಂದು ಕಡೆ ನಿಂತವು.

ಗುಂಡಿನ ಮಾತು ಈ ಭಾಗದ ಮಕ್ಕಳಿಗೆ ಹೊಸದಾಗಿರಲಿಲ್ಲ. 1942ರ ಚಳವಳಿಯಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿ ಪೋಲೀಸರ ಗುಂಡಿಗೆ ಬಲಿಯಾಗಿದ್ದ. ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಿದ್ದ ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ್ದರು. ಆಗ ಗುಂಡು ಹೊಡೆದವರು ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಅದು ಪರಕೀಯ ಸರಕಾರದ ಗುಂಡು. ಸ್ವರಾಜ್ಯ ಬಂದು ಆರು ತಿಂಗಳೂ ತುಂಬದಿರುವಾಗ ಗಾಂಧೀಜಿಯವರನ್ನೇ ಹೊಡೆದವರು ಯಾರು? ಸುದ್ದಿಯನ್ನು ಕೇಳಿದ ಪ್ರತಿ ಮಗುವಿನ ಬಾಯಲ್ಲಿಯೂ ಮೊದಲು ಬರುವ ಪ್ರಶ್ನೆ ಇದೇ. ಆ ಮೊದಲ ಗಳಿಗೆಯಲ್ಲಿ ಹಿರಿಯರ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಡೆ ಊಹೆ ಹುಟ್ಟುತ್ತದೆ. ಅಪಾಯವಿದ್ದುದು ಅಲ್ಲಿಯೇ.

ಕಾಲ ಎಂಥದೆಂಬುದನ್ನು ಇಲ್ಲಿ ನೆನೆಯಬೇಕು. ದೇಶದ ವಿಭಜನೆಯಿಂದ ಪಂಜಾಬ, ಬಂಗಾಳಗಳಲ್ಲಿ ಲಕ್ಷಾಂತರ ಜನ ನೆಲೆ ಕಳೆದುಕೊಂಡಿದ್ದರು. ಅಣ್ಣಿಗೇರಿಯ ಪೂರ್ವಕ್ಕೆ, ಗದಗಿನ ಆಚೆ, ನಿಜಾಮರ ಹೈದರಾಬಾದು ಸಂಸ್ಥಾನದ ಗಡಿಯಿತ್ತು. ರಜಾಕಾರರ ಹಾವಳಿಗೆ ಹೆದರಿ ಅಲ್ಲಿಂದ ಜನ ಈಚೆಗೆ ಬರುತ್ತಿದ್ದರು. ಸಂಸ್ಥಾನದ ವಿಮೋಚನೆಗಾಗಿ ಹೋರಾಡಿದವರ ಶಿಬಿರಗಳು ಮುಂಡರಗಿ, ಗಜೇಂದ್ರಗಡಗಳಲ್ಲಿ ಏರ್ಪಟ್ಟವು. ಆ ಸಂಸ್ಥಾನ ಭಾರತದಲ್ಲಿ ಸೇರಿದುದು 1948ರ ಸಪ್ಟೆಂಬರಿನಲ್ಲಿ. ಹೀಗೆ ಭಯವೂ ಸಂಶಯವೂ ತುಂಬಿದ ನೆಲದಲ್ಲಿ, ಕೊಲೆಗಾರ ಇಂಥ ಮತದವನೆಂಬ ಒಂದು ಸುಳ್ಳು ಮಾತು ಹೊರಟಿದ್ದರೆ ಆ ರಾತ್ರಿ ಎಷ್ಟು ಮನೆಗಳು ಉರಿಯುತ್ತಿದ್ದವೋ ಊಹಿಸುವುದು ಕಷ್ಟವಲ್ಲ. ಯಾವ ಸೌಹಾರ್ದಕ್ಕಾಗಿ ಗಾಂಧೀಜಿಯವರು ಆ ಜನವರಿ 13ರಿಂದ 18ರವರೆಗೆ ದಿಲ್ಲಿಯಲ್ಲಿ ತಮ್ಮ ಕೊನೆಯ ಉಪವಾಸವನ್ನು ಕೈಕೊಂಡಿದ್ದರೋ ಅದೇ ಅವರ ಹೆಸರಿನಲ್ಲಿ ನಾಶವಾಗುತ್ತಿತ್ತು.

ಅದನ್ನು ತಡೆದುದು ತಕ್ಕ ವೇಳೆಗೆ ಆಡಿದ ಒಂದು ಸತ್ಯ. ಮುಸ್ಲಿಮನೊಬ್ಬ ಈ ಕೃತ್ಯ ಮಾಡಿದನೆಂಬ ಗಾಳಿಮಾತು ಎದ್ದಿದ್ದಾಗ, ಹೊಡೆದವನು ಹಿಂದುವೆಂಬುದನ್ನು ರೇಡಿಯೊ ಆ ಸಂಜೆಯೇ ದೇಶಕ್ಕೆ ತಿಳಿಸಿತು. ಪ್ರಧಾನಿ ನೆಹರೂ ಅವರೂ ಗೃಹಮಂತ್ರಿ ಪಟೇಲರೂ ಅದೇ ರಾತ್ರಿ ರೇಡಿಯೊದಲ್ಲಿ ಮಾತನಾಡಿ ಜನರನ್ನು ಶಾಂತಿಗಾಗಿ ಬೇಡಿಕೊಂಡರು. ಪ್ರಾಣ ಉಳಿಸಿದ ಆ ಸತ್ಯವನ್ನು ಸಾರಲು ಆಡಳಿತದವರು ತಡಮಾಡಲಿಲ್ಲ. ಹಿಂದೂಗಳಿಗೆ ನೋವಾದೀತೆಂದು ಅದನ್ನು ಮುಚ್ಚಿಡಲೂ ಇಲ್ಲ. ವದಂತಿಯನ್ನು ಗದರಿಸಿ ಅಡಗಿಸಲಾಗದು. ಅದಕ್ಕಿಂತ ಬೇಗ ಸತ್ಯವನ್ನು ನಡೆಸಬೇಕು ಎಂಬುದಕ್ಕೆ ಸ್ವತಂತ್ರ ಭಾರತದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ದೊರೆಯುವುದು ಕಷ್ಟ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಹೊಡೆದವನು ನಾಥೂರಾಮ ಗೋಡಸೆ, ಪುಣೆಯಿಂದ ಮರಾಠಿ ಪತ್ರಿಕೆ ಹೊರಡಿಸುತ್ತಿದ್ದವನು, ಚಿತ್ಪಾವನ ಬ್ರಾಹ್ಮಣ ಎಂಬುದು ಹೊರಬಿತ್ತು. ಅದೂ ಸತ್ಯವೇ. ಆ ಸತ್ಯವನ್ನು ಹಿಡಿದುಕೊಂಡು ಕೊಲ್ಲಾಪುರ, ಸಾಂಗಲಿ, ಸಾತಾರೆಗಳ ಕಡೆ ಗುಂಪುಗಳು ಬ್ರಾಹ್ಮಣರ ಮನೆಗಳಿಗೂ ಅಂಗಡಿಗಳಿಗೂ ಬೆಂಕಿಯಿಟ್ಟವು. ಕೊಲ್ಲಾಪುರದಲ್ಲಿ ಭಾಲಜಿ ಪೆಂಢಾರಕರರ ಜಯಪ್ರಭಾ ಸ್ಟುಡಿಯೊ ಸುಟ್ಟುಹೋಯಿತು. ಗಾಂಧೀಜಿಯವರನ್ನು ಕಂಡರಿಯದ, ಗೋಡಸೆಯ ಹೆಸರನ್ನೂ ಕೇಳದ ಕುಟುಂಬಗಳು ಹುಟ್ಟಿದ ಜಾತಿಯ ಕಾರಣದಿಂದ ಬೀದಿಪಾಲಾದವು. ಅಹಿಂಸೆಯ ಮೂರ್ತಿಗೆ ಹಿಂಸೆಯಿಂದ ಶ್ರದ್ಧಾಂಜಲಿ ಅರ್ಪಿಸಿದಂತಾಯಿತು. ಆ ಪ್ರದೇಶ ಅಣ್ಣಿಗೇರಿಗೆ ಅಪರಿಚಿತವಲ್ಲ. ಮೀರಜಿನಿಂದ ಬೆಳಗಾವಿಯ ಮೇಲೆ ಹುಬ್ಬಳ್ಳಿಗೆ ಬರುವ ರೈಲುದಾರಿಯೇ ಎರಡನ್ನೂ ಜೋಡಿಸಿತ್ತು. ಅಲ್ಲಿ ಜೈನ ಒಕ್ಕಲಿಗರ ಮನೆಗಳೂ ಬಹಳ. ಆದುದರಿಂದ ಅಲ್ಲಿ ನಡೆದುದನ್ನು ಬೇರೆ ಯಾರದೋ ಕಥೆಯೆಂದು ಶ್ರಾವಕ ಸಮಾಜ ಕೈತೊಳೆದುಕೊಳ್ಳುವಂತಿಲ್ಲ. ಬೆಂಕಿಯಿಟ್ಟವರು ಯಾರೇ ಆಗಿರಲಿ, ನೆರೆಯವನ ಮನೆ ಉರಿಯುವಾಗ ತಾನೇನು ಮಾಡಿದೆನೆಂಬ ಪ್ರಶ್ನೆ ಅಣುವ್ರತಧಾರಿಯಾದ ಪ್ರತಿಯೊಬ್ಬನಿಗೂ ಇದೆ.

ಒಂದೇ ಘಟನೆಯ ಎರಡು ಸತ್ಯಗಳು ಎರಡು ಬೇರೆ ಫಲ ಕೊಟ್ಟುದು ಇಲ್ಲಿ ವಿಚಾರಾರ್ಹ. ಹಿಂದುವೆಂಬ ಮಾತು ಪ್ರಾಣಗಳನ್ನು ಉಳಿಸಿತು. ಬ್ರಾಹ್ಮಣನೆಂಬ ಮಾತು ಮನೆಗಳನ್ನು ಸುಟ್ಟಿತು. ಹಾಗಾದರೆ ಸತ್ಯವನ್ನು ಆಡಬೇಕೇ, ಬಾರದೇ? ಈ ತೊಡಕನ್ನು ಜೈನಾಚಾರ್ಯರು ಬಹು ಹಿಂದೆಯೇ ಕಂಡಿದ್ದರು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ಹೇಳುವಾಗ, ಸ್ಥೂಲವಾದ ಸುಳ್ಳನ್ನು ತಾನು ಆಡದಿರುವುದು, ಇತರರಿಂದ ಆಡಿಸದಿರುವುದು ಎಂಬಷ್ಟಕ್ಕೆ ನಿಲ್ಲುವುದಿಲ್ಲ. ಪರರಿಗೆ ವಿಪತ್ತನ್ನು ತರುವಂಥದಾದರೆ ಸತ್ಯವನ್ನೂ ಆಡಬಾರದೆನ್ನುತ್ತಾರೆ. ಮುನಿಗಳಿಗೆ ವಿಧಿಸಿದ ಭಾಷಾಸಮಿತಿ, ವಚನಗುಪ್ತಿಗಳ ಆಶಯವೂ ಇದೇ. ಸತ್ಯವು ಅಹಿಂಸೆಯ ಕಾವಲಿನಲ್ಲಿ ನಡೆಯಬೇಕು. 1948ರ ಆ ಸಂಜೆ ಕೊಲೆಗಾರನ ಮತವನ್ನು ಹೇಳಿದ್ದು ನಿರಪರಾಧಿಗಳ ರಕ್ಷಣೆಗಾಗಿ. ಮುಂದಿನ ದಿನಗಳಲ್ಲಿ ಅವನ ಜಾತಿಯನ್ನು ಕೂಗಿದ್ದು ನಿರಪರಾಧಿಗಳನ್ನು ಹುಡುಕುವುದಕ್ಕಾಗಿ. ಶಬ್ದ ಎರಡು ಕಡೆಗಳಲ್ಲಿಯೂ ನಿಜ. ಉದ್ದೇಶ ಮಾತ್ರ ಬೇರೆ. ಇತಿಹಾಸ ಬರೆಯುವವನು ಎರಡನ್ನೂ ದಾಖಲಿಸಬೇಕು. ಉದ್ರಿಕ್ತರಾದ ಜನರ ನಡುವೆ ನಿಂತವನಾದರೋ ತನ್ನ ಮಾತು ಯಾರ ಬಾಗಿಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ತೂಗಿ ಆಡಬೇಕು.

ಗಾಂಧೀಜಿಯವರ ಬಾಳಿಗೂ ಜೈನ ವಿಚಾರಕ್ಕೂ ಇದ್ದ ನಂಟನ್ನು ಇಲ್ಲಿ ಸ್ಮರಿಸುವುದು ಉಚಿತ. 1888ರಲ್ಲಿ ಅವರು ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ತೊರೆಯುವ ಪ್ರತಿಜ್ಞೆಯನ್ನು ಮಾಡಿಸಿದವರು ಬೇಚರಜೀ ಸ್ವಾಮಿಯೆಂಬ ಜೈನ ಸಾಧುಗಳು. 1891ರಲ್ಲಿ ಮರಳಿ ಬಂದಾಗ ಮುಂಬಯಿಯಲ್ಲಿ ಪರಿಚಯವಾದ ಶ್ರೀಮದ್ ರಾಜಚಂದ್ರರು ಅವರ ಧರ್ಮಜಿಜ್ಞಾಸೆಗೆ ಆಸರೆಯಾದರು. ದಕ್ಷಿಣ ಆಫ್ರಿಕೆಯಿಂದ ಗಾಂಧೀಜಿಯವರು ತಮ್ಮ ಸಂದೇಹಗಳನ್ನು ಬರೆದು ಕಳಿಸಿ ಅವರಿಂದ ಉತ್ತರ ಪಡೆದಿದ್ದರು. ಹೀಗಿರುವಾಗ ಅವರ ಮರಣದ ದಿನದ ಪಾಠವನ್ನು ಈ ಧರ್ಮದ ಬೆಳಕಿನಲ್ಲಿ ನೋಡುವುದು ಹೊರಗಿನಿಂದ ತಂದು ಹಚ್ಚಿದ ಮಾತಾಗುವುದಿಲ್ಲ.

ಅಣ್ಣಿಗೇರಿಯ ನೆಲಕ್ಕೂ ಈ ಪಾಠ ಹೊಸದಲ್ಲ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮನೆತನದವಳೆಂಬುದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿಯುತ್ತದೆ. ಮನುಷ್ಯಕುಲವೆಲ್ಲ ಒಂದೇ ಎಂಬ ಭಾವವನ್ನು ಕನ್ನಡಕ್ಕೆ ಕೊಟ್ಟವನು ಆ ಪಂಪ. 941ರಲ್ಲಿ ಅವನು ರಚಿಸಿದ ಆದಿಪುರಾಣದಲ್ಲಿ ಬಾಹುಬಲಿ ಅಣ್ಣನಾದ ಭರತನನ್ನು ಮಲ್ಲಯುದ್ಧದಲ್ಲಿ ಎತ್ತಿ ಹಿಡಿಯುತ್ತಾನೆ; ನೆಲಕ್ಕೆ ಅಪ್ಪಳಿಸಲು ಬಲವಿದ್ದಾಗಲೇ ಕೆಳಗಿಳಿಸಿ, ಗೆದ್ದುದನ್ನೆಲ್ಲ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಮುಂದೆ 11ನೆಯ ಶತಮಾನದಲ್ಲಿ ಚೋಳರ ದಂಡಯಾತ್ರೆಯಿಂದ ಅಣ್ಣಿಗೇರಿಯ ಗಂಗಪೆರ್ಮಾಡಿ ಜಿನಾಲಯ ಹಾಳಾದುದನ್ನು ಗಾವರವಾಡದ ಶಾಸನ ಹೇಳುತ್ತದೆ. ಮಂಡಲಿಕ ಲಕ್ಷ್ಮರಸನು 1071ರ ಸುಮಾರಿಗೆ ಅದನ್ನು ಜೀರ್ಣೋದ್ಧಾರಗೊಳಿಸಿದನೆಂಬುದೂ ಅದೇ ಶಾಸನದ ಮಾತು. ಶಾಸನದಲ್ಲಿ ಸುಟ್ಟವರ ಮೇಲಿನ ಸಿಟ್ಟೂ ಇದೆ. ಆದರೆ ಅದನ್ನು ಬರೆಸಿದುದು ಸಿಟ್ಟನ್ನು ಉಳಿಸುವುದಕ್ಕಾಗಿ ಅಲ್ಲ, ಮತ್ತೆ ಕಟ್ಟಿದ ಬಸದಿಗೆ ಬಿಟ್ಟ ದತ್ತಿಯನ್ನು ಉಳಿಸುವುದಕ್ಕಾಗಿ.

ಗಾಂಧೀಹತ್ಯೆಯ ಪ್ರಕರಣ ದಿಲ್ಲಿಯ ಕೆಂಪುಕೋಟೆಯಲ್ಲಿ ವಿಚಾರಣೆಗೊಂಡು 1949ರ ಫೆಬ್ರುವರಿ 10ರಂದು ತೀರ್ಪು ಹೊರಬಂದಿತು. ಅದೇ ವರ್ಷ ನವೆಂಬರ 15ರಂದು ಅಂಬಾಲೆಯ ಸೆರೆಮನೆಯಲ್ಲಿ ಗೋಡಸೆ ಹಾಗೂ ನಾರಾಯಣ ಆಪಟೆಯವರನ್ನು ಗಲ್ಲಿಗೇರಿಸಲಾಯಿತು. ಅದಕ್ಕೆ ಮುನ್ನ ನಡೆದ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಗಾಂಧೀಜಿಯವರ ಪುತ್ರರಾದ ಮಣಿಲಾಲ, ರಾಮದಾಸರು ತಮ್ಮ ತಂದೆಯನ್ನು ಕೊಂದವರಿಗೆ ಮರಣದಂಡನೆ ಬೇಡವೆಂದು ಬೇಡಿಕೊಂಡಿದ್ದರು. ಬೇಡಿಕೆ ಈಡೇರಲಿಲ್ಲ. ದಶಲಕ್ಷಣ ಧರ್ಮದಲ್ಲಿ ಉತ್ತಮ ಕ್ಷಮೆಯನ್ನು ಮೊದಲನೆಯದಾಗಿ ಎಣಿಸುವವರು ಈ ಇಬ್ಬರು ಮಕ್ಕಳನ್ನು ನೆನೆಯಬೇಕು. ತಂದೆಯನ್ನು ಕಳೆದುಕೊಂಡವರು ಅವರು. ಮನೆಗಳಿಗೆ ಬೆಂಕಿಯಿಟ್ಟವರು ಮಾತ್ರ ಅವರ ಹೆಸರಿನಲ್ಲಿ ಸೇಡು ತೀರಿಸಿಕೊಳ್ಳಹೊರಟಿದ್ದರು.

ಪ್ರತಿ ವರ್ಷ ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ಶಾಲೆ ಕಚೇರಿಗಳಲ್ಲಿ ಎರಡು ನಿಮಿಷ ಮೌನವನ್ನು ಆಚರಿಸಲಾಗುತ್ತದೆ. ಅಂದು ಹಿರಿಯರ ಮುಖ ನೋಡುತ್ತ ನಿಂತಿದ್ದ ಮಕ್ಕಳು ಇಂದಿನ ಹಿರಿಯರು. ರೈಲಿನಲ್ಲಿ ಬರುತ್ತಿದ್ದ ಸುದ್ದಿ ಈಗ ಕ್ಷಣಮಾತ್ರದಲ್ಲಿ ಅಂಗೈಯಲ್ಲಿರುತ್ತದೆ. ವದಂತಿಯೂ ಅದೇ ವೇಗದಲ್ಲಿ ಬರುತ್ತದೆ. ಊರಿನಲ್ಲಾಗಲಿ ದೇಶದಲ್ಲಾಗಲಿ ಯಾವುದಾದರೊಂದು ಕೇಡು ಸಂಭವಿಸಿದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ ಇಂದಿಗೂ ಅದೇ. ತಿಳಿಯದಿದ್ದರೆ ತಿಳಿಯದೆಂದು ಹೇಳಬೇಕು. ತಿಳಿದಿದ್ದರೆ ಕೇಡು ಮಾಡಿದವನ ಹೆಸರನ್ನು ಹೇಳಿ ಅಲ್ಲಿಗೆ ನಿಲ್ಲಬೇಕು. ಅವನ ಕುಲದವರನ್ನೆಲ್ಲ ಆ ಹೆಸರಿನ ಬೆನ್ನಿಗೆ ಸೇರಿಸಬಾರದು. ಮನೆಯ ಪಡಸಾಲೆಯಲ್ಲಿ, ಮಗುವಿನ ಎದುರಿಗೆ, ಆ ಒಂದು ಗಳಿಗೆಯಲ್ಲಿ ಪಾಲಿಸಬಹುದಾದ ಅಹಿಂಸೆ ಇಷ್ಟೇ. ಇಷ್ಟನ್ನು ಪಾಲಿಸಿದ್ದರೆ 1948ರ ಫೆಬ್ರುವರಿಯ ಮೊದಲ ದಿನಗಳಲ್ಲಿ ಎಷ್ಟೋ ಮನೆಗಳು ಉಳಿಯುತ್ತಿದ್ದವು.