ಲೈನು ಸಿಕ್ಕುವ ತನಕ

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ಒಂದೇ ಹೊಳೆ. ಶ್ರೀಕಂಠೇಶ್ವರನ ಸ್ನಾನಘಟ್ಟ ದಾಟಿದ ಕಪಿಲೆ ಮುಂದೆ ಹರಿದು ಗುಂಜಾ ನರಸಿಂಹಸ್ವಾಮಿಯ ಊರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಕ್ಕನನ್ನು ನರಸೀಪುರಕ್ಕೆ ಕೊಟ್ಟ ಹೊಸದರಲ್ಲಿ, "ಇಲ್ಲಿ ಒಂದು ಬಾಳೆಎಲೆ ತೇಲಿಬಿಟ್ಟರೆ ಅವಳಿಗೆ ಸಿಕ್ಕುತ್ತೆ" ಎಂದು ಅಮ್ಮ ನಗುತ್ತಿದ್ದಳು. "ಟ್ರಂಕ್ ಕಾಲಿಗಿಂತ ಅದೇ ಬೇಗ" ಎಂದು ಅಪ್ಪ ಸೇರಿಸುತ್ತಿದ್ದರು.

ಟ್ರಂಕ್ ಕಾಲ್ ಎಂದರೇನೆಂದು ನನ್ನ ಮೊಮ್ಮಗಳಿಗೆ ಈಗ ಬಿಡಿಸಿ ಹೇಳಬೇಕು. ಬೇರೆ ಊರಿಗೆ ಮಾತಾಡಬೇಕಾದರೆ ಆಪರೇಟರಿಗೆ ನಂಬರು ಕೊಟ್ಟು ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ತರಗತಿ. ಅರ್ಜೆಂಟಿಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗಿಗೆ ಎಂಟು ಪಟ್ಟು. ಇಂಥವರನ್ನೇ ಕರೆಸಿ ಮಾತಾಡುವುದಾದರೆ ಪಿ.ಪಿ. ಕಾಲ್. ಮೂರು ನಿಮಿಷಕ್ಕೊಮ್ಮೆ ಲೆಕ್ಕ. ನೇರವಾಗಿ ನಂಬರು ತಿರುಗಿಸುವ ಎಸ್.ಟಿ.ಡಿ. ಸೌಕರ್ಯ ಲಕ್ನೋ ಮತ್ತು ಕಾನ್ಪುರದ ನಡುವೆ 1960ರಲ್ಲೇ ಬಂದಿತ್ತು. ನಮ್ಮಂಥ ತಾಲ್ಲೂಕು ಊರುಗಳು ಇನ್ನೂ ಬಹಳ ಕಾಲ ಕಾಯಬೇಕಾಯಿತು.

1974ರ ಒಂದು ಸಂಜೆ ಅಪ್ಪ ಜಗಲಿಯ ಮೇಲೆ ಕುಸಿದು ಕೂತರು. ಡಾಕ್ಟರು ಬಂದು ನೋಡಿ, "ಮಗಳನ್ನ ಕರೆಸಿಕೊಳ್ಳಿ" ಎಂದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ನಾನೂ ಅಣ್ಣನೂ ರೈಸ್ ಮಿಲ್ಲಿನ ಸಾಹುಕಾರರ ಮನೆಗೆ ಓಡಿ, ಅಕ್ಕನ ಮನೆಯ ಪಕ್ಕದ ಅಂಗಡಿಗೆ ಕಾಲ್ ಬುಕ್ ಮಾಡಿಸಿದಾಗ ಐದೂವರೆ. ಅಲ್ಲಿಂದ ಈ ಕಡೆಗೆ ಕೊನೆಯ ಬಸ್ಸು ಎಂಟಕ್ಕೆ. ಆರೂವರೆಗೆ ಕೇಳಿದೆವು, ಲೈನಿಲ್ಲ. ಏಳೂವರೆಗೆ ಅರ್ಜೆಂಟ್ ಮಾಡಿಸಿದೆವು, ಆಗಲೂ ಲೈನಿಲ್ಲ. ಲೈಟ್ನಿಂಗಿಗೆ ಅಣ್ಣನ ಜೇಬಿನಲ್ಲಿ ದುಡ್ಡಿರಲಿಲ್ಲ, ಸಾಹುಕಾರರನ್ನು ಕೇಳಲು ನಾಲಿಗೆ ಏಳಲಿಲ್ಲ.

ಗಂಟೆ ಹೊಡೆದದ್ದು ರಾತ್ರಿ ಹನ್ನೊಂದಕ್ಕೆ. ಅಕ್ಕನ "ಹಲೋ ಹಲೋ" ನಮಗೆ ಕೇಳಿಸುತ್ತಿತ್ತು, ನಮ್ಮ ದನಿ ಅವಳಿಗೆ ಮುಟ್ಟುತ್ತಿರಲಿಲ್ಲ. ಆಗ ನಡುವೆ ಇದ್ದ ಆಪರೇಟರ್ ಹೆಂಗಸು ತಾನೇ ಬಾಯಿ ಹಾಕಿದರು: "ತಾಯಿ, ನಿಮ್ಮ ತಂದೆಯವರಿಗೆ ಹುಷಾರಿಲ್ಲವಂತೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಗಾಬರಿಯಾಗಬೇಡಿ, ಯಾರನ್ನಾದರೂ ಜೊತೆಗೆ ಕರಕೊಳ್ಳಿ." ಕೊನೆಯ ಎರಡು ಮಾತು ನಾವು ಹೇಳಿಕೊಟ್ಟದ್ದಲ್ಲ. ಆ ಹೆಂಗಸಿನ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಬೆಳಿಗ್ಗೆ ಆರಕ್ಕೆ ಹೋದರು. ಅಕ್ಕ ಬಸ್ಸಿಳಿದದ್ದು ಎಂಟಕ್ಕೆ.

ಆದ್ದರಿಂದಲೇ "ಹಿಂದಿನ ಕಾಲವೇ ಚೆನ್ನಾಗಿತ್ತು" ಎಂದು ಯಾರಾದರೂ ಅಂದರೆ ನಾನು ತಲೆಯಾಡಿಸುವುದಿಲ್ಲ. ಆ ಕಪ್ಪು ಟೆಲಿಫೋನು ತಯಾರಾಗುತ್ತಿದ್ದುದು ನಮ್ಮ ಬೆಂಗಳೂರಿನಲ್ಲೇ, 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಯಲ್ಲಿ. ಆದರೂ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಟೆಲಿಫೋನೆಂದರೆ ಸಿರಿವಂತರ ಶೋಕಿ ಎಂಬ ಭಾವನೆ ಮೇಲಿನವರಲ್ಲೇ ಇತ್ತು. ಅದನ್ನು ಬದಲಿಸಿದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್. ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಯ ಎಳೆಯ ಎಂಜಿನಿಯರುಗಳು ಧೂಳು, ಸೆಖೆ ತಡೆದುಕೊಳ್ಳುವ, ಹವಾನಿಯಂತ್ರಣ ಬೇಡದ 128 ಲೈನುಗಳ ಪುಟ್ಟ ಎಕ್ಸ್‌ಚೇಂಜನ್ನು ತಯಾರಿಸಿದರು. ಅದನ್ನು ಮೊದಲು ಕೂಡಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರೆಂದು ಓದಿದಾಗ ನನಗೇನೋ ಹೆಮ್ಮೆಯಾಯಿತು.

ಆಮೇಲೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು. ನಂಜನಗೂಡಿಗೆ 08221, ನರಸೀಪುರಕ್ಕೆ 08227. ಈ ಎರಡು ಸಂಖ್ಯೆ ನಮಗೆ ಮಗ್ಗಿಯಷ್ಟೇ ಬಾಯಿಪಾಠ. ರಾತ್ರಿ ಹನ್ನೊಂದರ ಮೇಲೆ ಕಾಲು ದರವೆಂದು ನಿದ್ದೆ ತಡೆದುಕೊಂಡು ಬೂತಿನ ಬೆಂಚಿನಲ್ಲಿ ಕೂರುತ್ತಿದ್ದೆವು. 2000ದಲ್ಲಿ ಇಲಾಖೆ ಬಿ.ಎಸ್.ಎನ್.ಎಲ್. ಆಯಿತು. ಬರಬರುತ್ತಾ ಕೈಗೊಂದು ಮೊಬೈಲು ಬಂದು ಬೂತುಗಳ ಬಾಗಿಲು ಮುಚ್ಚಿತು. 2013ರ ಜುಲೈನಲ್ಲಿ ತಂತಿಯೂ ನಿಂತುಹೋಯಿತು.

ಇನ್ನು ಕಾಯುವುದು ಮುಗಿಯಿತು ಅಂದುಕೊಂಡೆವು. ಹೋದ ವರ್ಷ ಅಕ್ಕನಿಗೆ ಬರುತ್ತಿದ್ದ ಪಿಂಚಣಿ ಇದ್ದಕ್ಕಿದ್ದಂತೆ ನಿಂತಿತು. ಒಂದು ಸಹಾಯವಾಣಿಯ ನಂಬರು ಕೊಟ್ಟಿದ್ದರು. ನಡುಮನೆಯಲ್ಲಿ ಮೊಬೈಲನ್ನು ಗಟ್ಟಿ ದನಿಗೆ ಇಟ್ಟು ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತೆವು. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಮೂರು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ. ನಲವತ್ತು ನಿಮಿಷ ಅದೇ ಸಂಗೀತ ಕೇಳಿದ ಮೇಲೆ ಕರೆ ತಾನಾಗಿಯೇ ಕತ್ತರಿಸಿತು. ಅವರೆಕಾಯಿಯ ಮೊರ ಖಾಲಿಯಾಗಿತ್ತು. ಮೂರು ದಿನ ಹೀಗೇ ಆಯಿತು.

ಅಕ್ಕ ಸಿಪ್ಪೆ ಗುಡಿಸುತ್ತಾ ಹೇಳಿದಳು: "ಆವತ್ತು ಲೈನಿರಲಿಲ್ಲ ಕಣೆ, ಮಧ್ಯೆ ಒಬ್ಬಳು ಹೆಣ್ಣುಮಗಳಿದ್ದಳು. ಈವತ್ತು ಲೈನಿದೆ, ಯಾರೂ ಇಲ್ಲ."

ಅವಳ ಮಾತಿನಲ್ಲಿ ಇಡೀ ಚರಿತ್ರೆ ಇದೆ ಅನ್ನಿಸಿತು. ಅಂದಿನ ತೊಂದರೆ ತಂತಿಯದು. ಅದಕ್ಕೆ ಎಂಜಿನಿಯರುಗಳು ಪರಿಹಾರ ಕಂಡುಹಿಡಿದರು. ಇಂದಿನದು ಜವಾಬು ಕೊಡುವವರ ಕೊರತೆ. ಕಾನೂನಿಲ್ಲವೆಂದಲ್ಲ. 2012ರಿಂದ ನಮ್ಮಲ್ಲಿ 'ಸಕಾಲ' ಇದೆ. ಅದರಡಿ ಬರುವ ಸೇವೆ ಗಡುವು ಮೀರಿದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ, ಐನೂರರವರೆಗೆ ಪರಿಹಾರ ಕೇಳಬಹುದು. ಕೇಳಬೇಕಾದರೆ ಅರ್ಜಿಯ ರಸೀದಿ, ಅದರ ನಂಬರು, ತಾರೀಖು ನಮ್ಮ ಕೈಯಲ್ಲಿರಬೇಕು. ಬರಿಯ ಫೋನಿನ ಸಂಗೀತಕ್ಕೆ ರಸೀದಿಯಿಲ್ಲ.

ನಾಲ್ಕನೆಯ ದಿನ ಅಕ್ಕ ಫೋನು ಮುಟ್ಟಲಿಲ್ಲ. ಬ್ಯಾಂಕಿನ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನೂ ಹೊರಡಿಸಿಕೊಂಡು ಕಚೇರಿಗೇ ಹೋದಳು. ಕಿಟಕಿಯಲ್ಲಿದ್ದ ಹುಡುಗಿ ಹತ್ತೇ ನಿಮಿಷದಲ್ಲಿ ಹುಡುಕಿ, ಹೆಸರಿನ ಒಂದು ಅಕ್ಷರ ತಪ್ಪಾಗಿದೆ ಎಂದಳು. ತಿದ್ದಲು ಅರ್ಜಿ ಬರೆಸಿಕೊಂಡು ರಸೀದಿ ಕೊಟ್ಟಳು. "ಅಜ್ಜಿ, ಮೆಟ್ಟಲು ಜಾರುತ್ತೆ, ನಿಧಾನ" ಎಂದಳು.

ಅಕ್ಕ ಹೊರಗೆ ಬಂದು ನಿಂತುಬಿಟ್ಟಳು. ಕಣ್ಣು ಒರೆಸಿಕೊಂಡು, ಮತ್ತೆ ಒಳಗೆ ಹೋಗಿ ಆ ಹುಡುಗಿಯ ಹೆಸರು ಕೇಳಿಕೊಂಡು ಬಂದಳು.